ಕಾರಣ: ಕೌಟುಂಬಿಕ ಸಮಸ್ಯೆ

2022ರಲ್ಲಿ ಈ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ಯಾಕೆ ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪಟ್ಟಿ ಹಾಕಿದೆ. ಮೊದಲ ಸ್ಥಾನ ಕೌಟುಂಬಿಕ ಸಮಸ್ಯೆಗೆ, ಶೇ 31.7. ಕಾಯಿಲೆ ಎರಡನೆಯದು, ಶೇ 18.4. ಸಾಲ, ನಿರುದ್ಯೋಗ, ಪ್ರೇಮಭಂಗ, ಪರೀಕ್ಷೆಯಲ್ಲಿ ಫೇಲು ಎಲ್ಲವೂ ಹಿಂದೆ ಸಾಲಾಗಿ ನಿಂತಿವೆ.

ಮದುವೆಗೆ ಸಂಬಂಧಿಸಿದ ಕಾರಣಗಳಿಗೆ ಬೇರೆಯೇ ಕಾಲಂ. ಶೇ 4.8. ಮದುವೆಗೂ ಕುಟುಂಬಕ್ಕೂ ಸಂಬಂಧವಿಲ್ಲ ಅಂತ ಬ್ಯೂರೋದವರು ತೀರ್ಮಾನಿಸಿದಂತಿದೆ.

ಅದರ ಹಿಂದಿನ ವರ್ಷ ಯಾರು ಮೊದಲು? ಕುಟುಂಬವೇ. ಶೇ 33.2.

ಈ 'ಕೌಟುಂಬಿಕ ಸಮಸ್ಯೆ' ಅಂತ ಬರೆಯುವವರು ಯಾರು? ಠಾಣೆಯವರು. ಯಾರನ್ನು ಕೇಳಿ ಬರೆಯುತ್ತಾರೆ? ಕುಟುಂಬದವರನ್ನು. 'ಮನೇಲಿ ಏನೋ ಸಣ್ಣ ಮಾತು ಬಂದಿತ್ತು ಸಾರ್' ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಯಾರು ಯಾರಿಗೆ ಆಡಿದ ಮಾತು, ಎಷ್ಟು ವರ್ಷದಿಂದ ಆಡಿದ ಮಾತು, ಬರೀ ಮಾತೋ ಕೈಯೂ ಸೇರಿತ್ತೋ, ಬರೆಯಲು ಖಾನೆಯಲ್ಲಿ ಜಾಗವಿಲ್ಲ. ಆತ್ಮಹತ್ಯೆಗೆ ಎಂದೂ ಒಂದೇ ಕಾರಣ ಇರುವುದಿಲ್ಲ ಅಂತ ಮನೋವೈದ್ಯರು ಗಂಟಲು ಹರಿದುಕೊಳ್ಳುತ್ತಾರೆ. ಫಾರಂ ಕೇಳುವುದು ಒಂದೇ ಕಾರಣ. ಫಾರಂ ಗೆಲ್ಲುತ್ತದೆ.

2022ರಲ್ಲಿ ಹಾಗೆ ಸತ್ತ ಹೆಂಗಸರು 48,172. ಅವರಲ್ಲಿ 25,309 ಮಂದಿಯ ಉದ್ಯೋಗದ ಮುಂದೆ 'ಗೃಹಿಣಿ' ಅಂತಿದೆ. ಅದೇ ವರ್ಷ ಹಾಗೆ ಸತ್ತವರಲ್ಲಿ ಕೃಷಿಯಲ್ಲಿ ದುಡಿಯುವವರು, ಗಂಡಸರು ಹೆಂಗಸರು ಎಲ್ಲ ಸೇರಿ, 11,290. ರೈತ ಸತ್ತರೆ ಪರಿಹಾರ, ಸಮಿತಿ, ಸದನದಲ್ಲಿ ಗದ್ದಲ. ಆಗಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದರ ಎರಡು ಪಟ್ಟಿಗೂ ಮೀರಿ ಗೃಹಿಣಿಯರು ಸತ್ತಾಗ ಯಾವ ವಿರೋಧ ಪಕ್ಷ ಸದನದ ಬಾವಿಗೆ ಇಳಿದಿದೆ? ಯಾವ ಮಂತ್ರಿ ರಾಜೀನಾಮೆ ಕೊಡಬೇಕು? ಅಡುಗೆಮನೆಗೆ ಖಾತೆಯೇ ಇಲ್ಲವಲ್ಲ.

ಗಂಡಸರು ಸಾಯುವುದಿಲ್ಲವೇ ಅಂತ ಒಬ್ಬರು ಕೇಳಿಯೇ ಕೇಳುತ್ತಾರೆ. ಸಾಯುತ್ತಾರೆ ಸ್ವಾಮಿ. ಹೆಂಗಸರ ಎರಡೂವರೆ ಪಟ್ಟು. ಐದು ವರ್ಷದ ಹುಡುಗನಿಗೆ 'ಹೆಣ್ಣಿನ ಥರ ಅಳಬೇಡ' ಅಂತ ಹೇಳಿಕೊಟ್ಟು ಬೆಳೆಸುವುದೂ ಇದೇ ಕುಟುಂಬವೇ. ಆ ಲೆಕ್ಕವನ್ನು ಹೆಂಡತಿಯರ ತಲೆಗೆ ಕಟ್ಟಬೇಡಿ.

ಈಗ ಇದೇ ಕುಟುಂಬ ಎಂಬ ಸಂಸ್ಥೆಯ ಬಗ್ಗೆ ಸಭೆಗಳಲ್ಲಿ ಏನು ಹೇಳುತ್ತಾರೆ ಕೇಳಿ. 'ಭಾರತೀಯ ಕುಟುಂಬ ಪದ್ಧತಿ ಜಗತ್ತಿಗೇ ಮಾದರಿ.' ಪ್ರಾರ್ಥನೆ, ಸ್ವಾಗತ, ಶಾಲು, ಹಾರ, ಹಣ್ಣಿನ ಬುಟ್ಟಿ. ಆಮೇಲೆ ಅಮೆರಿಕದಲ್ಲಿ ಎಷ್ಟು ವಿಚ್ಛೇದನ ಅಂತ ಮರುಕ. ನಮ್ಮಲ್ಲಿ ಎಷ್ಟು ಕಡಿಮೆ ಅಂತ ಚಪ್ಪಾಳೆ. ವೇದಿಕೆಯ ಮೇಲಿನ ಗಣ್ಯರ ಹೆಂಡತಿಯರು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಾರೆ. ತಟ್ಟದಿದ್ದರೆ ಮನೆಗೆ ಹೋಗುವ ಕಾರಿನಲ್ಲಿ ವಿಚಾರಣೆ.

2011ರ ಜನಗಣತಿಯಲ್ಲಿ ವಿಚ್ಛೇದಿತರು ಸುಮಾರು 13.6 ಲಕ್ಷ. ನಿಜ, ಕಡಿಮೆಯೇ. ಆದರೆ ಅದೇ ಜನಗಣತಿಯಲ್ಲಿ ಕಾಗದವಿಲ್ಲದೆ, ಕೋರ್ಟಿಲ್ಲದೆ, ಜೀವನಾಂಶವಿಲ್ಲದೆ ಬೇರೆ ಬದುಕುತ್ತಿರುವವರು ಅದರ ಎರಡೂವರೆ ಪಟ್ಟು. ಸಂಶೋಧಕರಾದ ಸೂರಜ್ ಜೇಕಬ್, ಶ್ರೀಪರ್ಣಾ ಚಟ್ಟೋಪಾಧ್ಯಾಯ 2016ರಲ್ಲೇ ಇದನ್ನು ಲೆಕ್ಕ ಹಾಕಿ ಬರೆದಿಟ್ಟಿದ್ದಾರೆ. ಸಭೆಯಲ್ಲಿ ಆ ಸಂಖ್ಯೆ ಹೇಳಿದರೆ ಹಣ್ಣಿನ ಬುಟ್ಟಿ ಸಿಗುವುದಿಲ್ಲ.

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮದುವೆಯಾದ ಹೆಂಗಸರನ್ನು ಗಂಡನ ಹಿಂಸೆಯ ಬಗ್ಗೆ ಕೇಳಿತು. ಕರ್ನಾಟಕದಲ್ಲಿ ಶೇ 44.4 ಮಂದಿ ಹೌದು ಅಂದರು. ದೇಶದಲ್ಲೇ ಮೊದಲ ಸ್ಥಾನ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದ್ದದ್ದು ಶೇ 20.6. ಬಿಹಾರವನ್ನೂ ಹಿಂದೆ ಹಾಕಿದ್ದೇವೆ. ಐಟಿ ರಾಜಧಾನಿ, ಸ್ಟಾರ್ಟಪ್ ರಾಜಧಾನಿ ಅಂತ ಫಲಕ ಹಾಕುವವರು ಇದಕ್ಕೂ ಒಂದು ಹಾಕಬಹುದಿತ್ತು.

ಲಾಕ್‌ಡೌನ್ ಇತ್ತಲ್ಲ, ಎಲ್ಲರೂ ಮನೆಯಲ್ಲೇ ಇದ್ದರಲ್ಲ ಅನ್ನಬೇಡಿ. ನಮ್ಮ ರಾಜ್ಯದಲ್ಲಿ ಮನೆ ಮನೆಗೆ ಹೋಗಿ ಕೇಳಿದ್ದು 2019ರಲ್ಲಿ. ಕೊರೊನಾ ಇನ್ನೂ ನಮ್ಮೂರಿಗೆ ಬಂದಿರಲಿಲ್ಲ. ಬರೀ ಗಂಡಂದಿರಿದ್ದರು.

ಸಮೀಕ್ಷೆಯವರು ಇನ್ನೊಂದನ್ನೂ ಕೇಳಿದರು. ಗಂಡ ಹೆಂಡತಿಗೆ ಹೊಡೆಯುವುದು ಸರಿಯೇ? ಏಳು ಸಂದರ್ಭ ಮುಂದಿಟ್ಟರು. ಹೇಳದೆ ಹೊರಗೆ ಹೋದರೆ. ಮನೆ ಮಕ್ಕಳನ್ನು ನೋಡಿಕೊಳ್ಳದಿದ್ದರೆ. ಎದುರು ಮಾತಾಡಿದರೆ. ಹಾಸಿಗೆಗೆ ಬರಲ್ಲ ಅಂದರೆ. ಅಡುಗೆ ಸರಿಯಾಗದಿದ್ದರೆ. ನಡತೆಯ ಮೇಲೆ ಅನುಮಾನ ಬಂದರೆ. ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ.

ಒಂದಕ್ಕಾದರೂ 'ಸರಿ' ಅಂದ ಕರ್ನಾಟಕದ ಗಂಡಸರು ಸುಮಾರು ಶೇ 82. ಹೆಂಗಸರು ಶೇ 77.

ಹೌದು, ಹೆಂಗಸರೂ. ತವರಿನಲ್ಲಿ ಕಲಿತು ಬಂದ ಪಾಠ. ನೂರರಲ್ಲಿ ಎಪ್ಪತ್ತೇಳು ತೆಗೆದುಕೊಂಡಿದ್ದಾರೆ, ಫಸ್ಟ್ ಕ್ಲಾಸ್. 'ಮನೆಯೇ ಮೊದಲ ಪಾಠಶಾಲೆ' ಅಂತ ಶಾಲೆಯ ಗೋಡೆಯ ಮೇಲೆ ಬರೆಸುತ್ತೇವಲ್ಲ, ಫಲಿತಾಂಶ ಪ್ರಕಟವಾಗಿದೆ.

ಹೊಡೆತ ತಿಂದವರು ಏನು ಮಾಡಿದರು? ದೇಶದ ಲೆಕ್ಕದಲ್ಲಿ ಶೇ 77 ಮಂದಿ ಯಾರಿಗೂ ಹೇಳಲೇ ಇಲ್ಲ. ಸಹಾಯ ಕೇಳಿದವರು ಶೇ 14. ಅವರಲ್ಲೂ ಹೆಚ್ಚಿನವರು ಹೋದದ್ದು ತವರಿಗೆ. ತವರಿನವರು ಕಾಫಿ ಕೊಟ್ಟರು. 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಅಂದರು. ಬಸ್ ಹತ್ತಿಸಿ ವಾಪಸ್ ಕಳಿಸಿದರು. ಉಣ್ಣುವ ಅನ್ನವನ್ನು ಮಾಡಿದವರು ಯಾರು, ಮಲಗಿದ ಮೇಲೆ ಏನಾಯಿತು, ಗಾದೆ ಕೇಳುವುದಿಲ್ಲ.

ಮನಶ್ಶಾಸ್ತ್ರಜ್ಞರು ಇಷ್ಟು ಕಾಲ ಏನು ಮಾಡುತ್ತಿದ್ದರು ಅಂತ ಕೇಳಬಹುದು. ಮಾರ್ಕ್ಸ್ ಹಾಕುತ್ತಿದ್ದರು.

1967ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಬದುಕಿನ 43 ಘಟನೆಗಳಿಗೆ ಒತ್ತಡದ ಅಂಕ ಕೊಟ್ಟರು. ಗಂಡ ಅಥವಾ ಹೆಂಡತಿಯ ಸಾವಿಗೆ 100. ವಿಚ್ಛೇದನಕ್ಕೆ 73. ಮದುವೆಗೆ 50. ಅತ್ತೆಮನೆಯವರ ಜೊತೆ ತಕರಾರಿಗೆ 29.

ಇಪ್ಪತ್ತೊಂಬತ್ತು! ಎಸ್ಸೆಸ್ಸೆಲ್ಸಿಯಲ್ಲಿ ಪಾಸಾಗಲೂ ಸಾಲದು. ನಮ್ಮ ಟೀವಿ ಧಾರಾವಾಹಿಗಳು ಇಷ್ಟು ವರ್ಷ ಬರೀ ಈ ಇಪ್ಪತ್ತೊಂಬತ್ತರ ಮೇಲೆ ಅನ್ನ ತಿಂದಿವೆ ಅಂದರೆ ನಂಬುವುದು ಹೇಗೆ? ಕ್ರಿಸ್‌ಮಸ್ ಹಬ್ಬಕ್ಕೂ ಅಲ್ಲಿ 12 ಅಂಕವಿದೆ. ಗೌರಿ ಹಬ್ಬಕ್ಕೆ ತವರಿಗೆ ಕಳಿಸದಿದ್ದರೆ ಎಷ್ಟು ಅಂತ ಹೋಮ್ಸ್ ಸಾಹೇಬರನ್ನು ಕೇಳುವವರಿರಲಿಲ್ಲ. ಮುಂದೆ ಆ ಪಟ್ಟಿಯನ್ನು ಒರೆಗೆ ಹಚ್ಚಿದ್ದು ಅಮೆರಿಕದ ನೌಕಾಪಡೆಯ ನಾವಿಕರ ಮೇಲೆ. ಹಡಗಿನಲ್ಲಿ ಅತ್ತೆ ಇರುವುದಿಲ್ಲ.

ಇದು ಅವರಿಬ್ಬರದೇ ಕತೆಯಲ್ಲ. 2008ರಲ್ಲಿ ಜೆಫ್ರಿ ಆರ್ನೆಟ್ ಅಮೆರಿಕದ ಆರು ಪ್ರಮುಖ ಮನಶ್ಶಾಸ್ತ್ರ ಪತ್ರಿಕೆಗಳನ್ನು ಜಾಲಾಡಿದರು. ಅಧ್ಯಯನಕ್ಕೆ ಸಿಕ್ಕವರಲ್ಲಿ ಶೇ 96 ಮಂದಿ ಪಾಶ್ಚಾತ್ಯ ಶ್ರೀಮಂತ ದೇಶಗಳವರು. ಆ ದೇಶಗಳಲ್ಲಿರುವುದು ಜಗತ್ತಿನ ಜನಸಂಖ್ಯೆಯ ಶೇ 12. ಉಳಿದ ನಾವೆಲ್ಲ ಮನಸ್ಸಿಲ್ಲದವರು.

ಇದನ್ನು ಓದಿ ನಮ್ಮ ಸಂಸ್ಕೃತಿ ರಕ್ಷಕರು ಮೀಸೆ ತಿರುವಬೇಡಿ. ನಮ್ಮವರೂ ಕೆಲಸ ಮಾಡಿದ್ದಾರೆ. 1984ರಲ್ಲಿ ಗುರ್ಮೀತ್ ಸಿಂಗ್ ಮತ್ತು ಸಂಗಡಿಗರು ಭಾರತಕ್ಕೆಂದೇ 51 ಘಟನೆಗಳ ಪಟ್ಟಿ ಮಾಡಿದರು. ಅದರಲ್ಲಿ ವರದಕ್ಷಿಣೆ ಜಗಳವಿದೆ. ಗಂಡು ಮಗು ಇಲ್ಲದ ಕೊರಗಿದೆ. ಮಗಳ ಮದುವೆ, ತಂಗಿಯ ಮದುವೆ ಇದೆ. ತೀರ್ಥಯಾತ್ರೆಯೂ ಇದೆ, ಅದೂ ಒತ್ತಡವೇ. ಒಬ್ಬ ಸಂಶೋಧಕ ನಮ್ಮ ನಡುಮನೆಗೆ ಬಂದು ಕೂತು ಬರೆದಂತಿದೆ. ನಲವತ್ತು ವರ್ಷವಾಯಿತು. ಅದನ್ನು ಎತ್ತಿ ಓದಿದ ಒಬ್ಬ ಸಮಾಜ ಕಲ್ಯಾಣ ಮಂತ್ರಿಯನ್ನು ತೋರಿಸಿ.

ಸಿಯಾಟಲ್‌ನ ಅದೇ ವಿಶ್ವವಿದ್ಯಾಲಯದಲ್ಲಿ ಮುಂದೆ ಜಾನ್ ಗಾಟ್‌ಮನ್ ದಂಪತಿಗಳನ್ನು ಕ್ಯಾಮೆರಾ ಮುಂದೆ ಕೂರಿಸಿ, ಎದೆಬಡಿತ ಅಳೆದು, ಜಗಳ ಆಡಿಸಿದರು. ಯಾರ ಮದುವೆ ಮುರಿಯುತ್ತದೆ ಅಂತ ನೂರಕ್ಕೆ ತೊಂಬತ್ತರಷ್ಟು ನಿಖರವಾಗಿ ಹೇಳಬಲ್ಲೆ ಅಂದರು. ಜಗತ್ತು ಬಾಯಿ ಬಿಟ್ಟು ನೋಡಿತು. ಆಮೇಲೆ 2001ರಲ್ಲಿ ಹೇಮನ್ ಮತ್ತು ಸ್ಲೆಪ್ ಎಂಬ ಸಂಶೋಧಕರು ಇಂಥ ಭವಿಷ್ಯವಾಣಿಗಳ ಗುಟ್ಟು ಬಿಚ್ಚಿಟ್ಟರು. ಫಲಿತಾಂಶ ಗೊತ್ತಾದ ಮೇಲೆ ಅದಕ್ಕೆ ಹೊಂದುವಂತೆ ಸೂತ್ರ ಕಟ್ಟಿದರೆ ತೊಂಬತ್ತು ಬಂದೇ ಬರುತ್ತದೆ. ಅದೇ ಸೂತ್ರವನ್ನು ಹೊಸ ಜೋಡಿಗಳಿಗೆ ಹಚ್ಚಿ ನೋಡಿದರೆ ನಿಖರತೆ ಕುಸಿಯುತ್ತದೆ.

ನಮ್ಮ ಜೋಯಿಸರು ನಕ್ಕಿರಬೇಕು. ಅವರು ಮೊದಲಿಂದ ಮಾಡುತ್ತಿರುವುದೂ ಇದೇ. ಮದುವೆ ಮುರಿದ ಮೇಲೆ 'ನಾನು ಆಗಲೇ ಹೇಳಿದ್ದೆ, ಕುಜದೋಷ' ಅನ್ನುತ್ತಾರೆ. ಮೂವತ್ತಾರು ಗುಣಗಳಲ್ಲಿ ಹದಿನೆಂಟು ಕೂಡಿದರೆ ಪಾಸು. ಹುಡುಗ ಕುಡಿಯುತ್ತಾನೋ, ಕೈ ಎತ್ತುತ್ತಾನೋ, ಮೂವತ್ತಾರರಲ್ಲಿ ಒಂದೂ ಅದನ್ನು ಕೇಳುವುದಿಲ್ಲ.

ಹಾಗಂತ ಗಾಟ್‌ಮನ್ ಹೇಳಿದ್ದೆಲ್ಲ ಸುಳ್ಳಲ್ಲ. ದಾಂಪತ್ಯವನ್ನು ಕೊರೆಯುವುದು ನಾಲ್ಕು ಅಂದರು. ಸದಾ ತಪ್ಪು ಹುಡುಕುವುದು, ತಿರಸ್ಕಾರ, ತನ್ನದೇ ಸರಿ ಅಂತ ಸಮರ್ಥಿಸಿಕೊಳ್ಳುವುದು, ಮಾತು ಬಿಟ್ಟು ಗೋಡೆಯಾಗಿ ಕೂರುವುದು. ಈ ನಾಲ್ಕೂ ಇದ್ದರೆ ಅಮೆರಿಕದಲ್ಲಿ ಅದು ವಿಚ್ಛೇದನದ ಮುನ್ಸೂಚನೆ. ನಮ್ಮಲ್ಲಿ ಬೆಳ್ಳಿಹಬ್ಬದ ಮುನ್ಸೂಚನೆ.

ಮನಶ್ಶಾಸ್ತ್ರಕ್ಕೆ ಯಾರ ಮೇಲೆ ತಪ್ಪು ಹೊರಿಸಬೇಕೋ ತಿಳಿಯದಾದಾಗ ಅಮ್ಮ ಸಿಕ್ಕಳು. 1948ರಲ್ಲಿ ಫ್ರೀಡಾ ಫ್ರೋಮ್-ರೈಖ್‌ಮನ್ ಸ್ಕಿಜೋಫ್ರೇನಿಯಾವನ್ನು ತಾಯಿಯ ತಲೆಗೆ ಕಟ್ಟಿದರು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಆಟಿಸಂ ಅನ್ನು ತಾಯಿಯ ತಣ್ಣನೆಯ ಮನಸ್ಸಿಗೆ ಅಂಟಿಸಿದರು. ಎರಡಕ್ಕೂ ಪುರಾವೆ ಸಿಗಲಿಲ್ಲ. ಎರಡನ್ನೂ ಶಾಸ್ತ್ರ ಸದ್ದಿಲ್ಲದೆ ಕೈಬಿಟ್ಟಿತು. ಆ ತಾಯಂದಿರ ಹತ್ತಿರ ಕ್ಷಮೆ ಕೇಳಲು ಯಾರೂ ಮನೆ ಮನೆಗೆ ಹೋಗಲಿಲ್ಲ. ನಮ್ಮ ಬಂಧುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಮಗು ಮಾತು ಕಲಿಯುವುದು ತಡವಾದರೆ ಇವತ್ತಿಗೂ 'ಅವಳು ಮೊಬೈಲ್ ಹಿಡಿದು ಕೂರ್ತಾಳೆ, ಅದಕ್ಕೇ' ಅನ್ನುವ ಅತ್ತೆಮ್ಮ ಪಕ್ಕದ ಕುರ್ಚಿಯಲ್ಲೇ ಇದ್ದಾರೆ. ಅವರ ಕೈಯಲ್ಲೂ ಮೊಬೈಲ್ ಇದೆ.

ಹೊಗಳಿಕೆ ಸಿಕ್ಕ ಸಂಶೋಧನೆಯನ್ನು ಮಾತ್ರ ನಾವು ಬಿಡುವುದಿಲ್ಲ. 1980ರ ದಶಕದಲ್ಲಿ ಚಂಡೀಗಡದಲ್ಲಿ ನರೇಂದ್ರ ವಿಗ್, ಜೂಲಿಯನ್ ಲೆಫ್ ಮತ್ತು ಜೊತೆಗಾರರು ಸ್ಕಿಜೋಫ್ರೇನಿಯಾ ಇರುವವರ ಮನೆಯವರು ಅವರ ಬಗ್ಗೆ ಹೇಗೆ ಮಾತಾಡುತ್ತಾರೆ ಅಂತ ಅಳೆದರು. ಲಂಡನ್ನಿನ ಮನೆಗಳಿಗಿಂತ ಇಲ್ಲಿ ಕಟು ಮಾತು ಬಹಳ ಕಡಿಮೆ ಅಂತ ಕಂಡಿತು. ಅಷ್ಟು ಸಾಕಾಯಿತು. 'ನೋಡಿ, ಅವಿಭಕ್ತ ಕುಟುಂಬ!' ಅಂತ ಭಾಷಣಗಳು ಶುರು. ಅದೇ ಅಧ್ಯಯನದ ಇನ್ನೊಂದು ಸಾಲು ಯಾರಿಗೂ ಬೇಡ. ಮನೆಯವರಲ್ಲಿ ಹಗೆ ಕಂಡ ಕಡೆ ಕಾಯಿಲೆ ಮರುಕಳಿಸುವುದು ಇಲ್ಲೂ ಹೆಚ್ಚೇ. ಹಗೆಗೆ ಪಾಸ್‌ಪೋರ್ಟ್ ಬೇಕಿಲ್ಲ.

ಮದುವೆ ಎಂಬ ಔಷಧದ ಕತೆ ಇನ್ನೂ ಚೆನ್ನಾಗಿದೆ. ಹುಡುಗ ಮಂಕಾಗಿದ್ದಾನೆ, ಯಾರೋ ಮಾತಾಡಿಸಿದ ಹಾಗೆ ಕೇಳುತ್ತದೆ ಅನ್ನುತ್ತಾನೆ, ನಿದ್ದೆಯಿಲ್ಲ. 'ಒಂದು ಮದುವೆ ಮಾಡಿ, ಎಲ್ಲ ಸರಿಹೋಗ್ತದೆ.' ಯಾವ ವೈದ್ಯರ ಚೀಟಿ ಇದು? ಪಕ್ಕದ ಬೀದಿಯ ಚಿಕ್ಕಪ್ಪನದು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅಂತ ನಮ್ಮ ಹಿರಿಯರು ಗೇಲಿ ಮಾಡಿದ್ದರು. ನಾವು ಮೊದಲರ್ಧವನ್ನು ಚಿಕಿತ್ಸೆ ಅಂತ ಇಟ್ಟುಕೊಂಡೆವು. ಎರಡನೆಯ ಅರ್ಧವನ್ನು ಬೀಗರಿಂದ ಮುಚ್ಚಿಟ್ಟೆವು. ಮಾತ್ರೆಯ ಡಬ್ಬಿಗೆ 'ವಿಟಮಿನ್' ಅಂತ ಹೆಸರಿಟ್ಟು ವಧುವಿನ ಕೈಗೆ ಕೊಟ್ಟೆವು.

ಕಾಯಿಲೆ ಹುಡುಗಿಗಿದ್ದರೆ ಕತೆ ತಿರುಗುತ್ತದೆ. ಚೆನ್ನೈನ ಸ್ಕಾರ್ಫ್ ಸಂಸ್ಥೆಯ ಡಾ. ಆರ್. ತಾರಾ ಮತ್ತು ಸಹೋದ್ಯೋಗಿಗಳು ಸ್ಕಿಜೋಫ್ರೇನಿಯಾ ಇದ್ದು, ಮದುವೆ ಮುರಿದ 76 ಹೆಂಗಸರನ್ನು ಮಾತಾಡಿಸಿ 2003ರಲ್ಲಿ ಬರೆದರು. ಆ ಹೆಂಗಸರನ್ನೂ ಅವರ ಮನೆಯವರನ್ನೂ ಹೆಚ್ಚು ಸುಟ್ಟದ್ದು ಕಾಯಿಲೆಯ ಕಳಂಕವಲ್ಲ. ಗಂಡ ಬಿಟ್ಟವಳು ಎಂಬ ಕಳಂಕ. ಇವಳಿಗೆ ಮದುವೆ ಮದ್ದಾಗಲಿಲ್ಲವೇಕೆ ಅಂತ ಚಿಕ್ಕಪ್ಪನನ್ನು ಕೇಳಿ. ಅವನು ಆಗಲೇ ಆ ಗಂಡನಿಗೆ ಇನ್ನೊಂದು ಹೆಣ್ಣು ನೋಡುತ್ತಿರುತ್ತಾನೆ.

ಸರ್ಕಾರ ಮಾತ್ರ ಕುಟುಂಬವನ್ನು ನಿಜವಾಗಿ ಪ್ರೀತಿಸುತ್ತದೆ. ಯಾಕೆಂದರೆ ಅದು ಬಿಟ್ಟಿ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದೊಳಗೆ ಡೇರೆ ಹಾಕಿಸಿ ರೋಗಿಯ ಮನೆಯವರನ್ನೂ ಜೊತೆಗೆ ಇರಿಸಿಕೊಂಡರು. ರೋಗಿ ಬೇಗ ಚೇತರಿಸಿಕೊಂಡ, ಮನೆಯವರು ಕಾಯಿಲೆಯ ಬಗ್ಗೆ ಕಲಿತರು. ದೊಡ್ಡ ಮನಸ್ಸಿನ ದೊಡ್ಡ ಕೆಲಸ. ನಮ್ಮ ನಿಮ್ಹಾನ್ಸ್ ಕೂಡ ಕುಟುಂಬವನ್ನು ಚಿಕಿತ್ಸೆಯ ಒಳಗೆ ತಂದಿತು. ಆದರೆ ವೈದ್ಯರು ಹೇಳಿದ್ದು ಕುಟುಂಬವನ್ನೂ ಸೇರಿಸಿಕೊಳ್ಳಿ ಅಂತ. ಸರ್ಕಾರ ಕೇಳಿಸಿಕೊಂಡದ್ದು ಕುಟುಂಬಕ್ಕೇ ಬಿಟ್ಟುಬಿಡಿ ಅಂತ.

ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6 ಮಂದಿಗೆ ಮಾನಸಿಕ ಸಮಸ್ಯೆ ಇತ್ತು. ಚಿಕಿತ್ಸೆ ಸಿಗದವರು ಕಾಯಿಲೆಗೆ ತಕ್ಕಂತೆ ಶೇ 70ರಿಂದ 92. ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ. ಹಾಗಾದರೆ ಇಷ್ಟೂ ಜನರನ್ನು ನೋಡಿಕೊಳ್ಳುತ್ತಿರುವವರು ಯಾರು? ಮನೆಯಲ್ಲಿ ಒಬ್ಬಳಿದ್ದಾಳಲ್ಲ. ಸಂಬಳವಿಲ್ಲದ ನರ್ಸು, ತರಬೇತಿಯಿಲ್ಲದ ಆಪ್ತಸಲಹೆಗಾರ್ತಿ, ರಜೆಯಿಲ್ಲದ ಕಾವಲುಗಾರ್ತಿ. ಅವಳ ಉದ್ಯೋಗದ ಖಾನೆಯಲ್ಲಿ ಏನಿದೆ ಅಂತ ಆಗಲೇ ಓದಿದಿರಿ.

ಕಾನೂನೂ ಈ ಸಂಸಾರದ ಸೊಸೆಯೇ, ಹೊಂದಿಕೊಂಡು ಹೋಗುತ್ತದೆ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಗೆ ಮೊದಲ ಧ್ಯೇಯ ರಾಜಿ. 2016ರಲ್ಲಿ ಬೆಂಗಳೂರಿನ ದಂಪತಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಗಂಡನನ್ನು ಅವನ ತಂದೆತಾಯಿಯಿಂದ ಬೇರೆ ಮಾಡಲು ಹೆಂಡತಿ ಪಟ್ಟು ಹಿಡಿಯುವುದು ಕ್ರೌರ್ಯ. ಹೆಂಡತಿ ತನ್ನ ತಂದೆತಾಯಿಯಿಂದ ಮದುವೆಯ ದಿನವೇ ಬೇರೆಯಾಗಿ ಬಂದಿರುತ್ತಾಳೆ. ಅದಕ್ಕೆ ಓಲಗ ಊದಿಸುತ್ತೇವೆ.

2022ರಲ್ಲಿ ನಮ್ಮದೇ ಹೈಕೋರ್ಟ್, ಹೆಂಡತಿಯ ಮೇಲೆ ಅತ್ಯಾಚಾರ ಎಸಗಿದ ಆರೋಪ ಹೊತ್ತ ಗಂಡನ ವಿರುದ್ಧದ ವಿಚಾರಣೆ ರದ್ದುಮಾಡಲು ಒಪ್ಪಲಿಲ್ಲ. ಗಂಡನಾದರೂ ಅತ್ಯಾಚಾರ ಅತ್ಯಾಚಾರವೇ ಅಂದಿತು. ದೇಶದಲ್ಲಿ ಗಾಬರಿ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಅಫಿಡವಿಟ್ಟು ಹಾಕಿತು. ಹೆಂಡತಿಯ ಒಪ್ಪಿಗೆಗೆ ಬೆಲೆಯಿದೆ, ಆದರೆ ಗಂಡ ಅದನ್ನು ಮೀರಿದ್ದನ್ನು ಅತ್ಯಾಚಾರ ಅನ್ನುವುದು ಅತಿ ಕಠೋರವಾದೀತು, ವಿವಾಹ ಸಂಸ್ಥೆಯ ಮೇಲೆ ಪರಿಣಾಮವಾದೀತು. ಹಾಸಿಗೆಗೆ ಬರಲ್ಲ ಅಂದರೆ ಹೊಡೆಯಬಹುದೇ ಎಂಬ ಪ್ರಶ್ನೆಗೆ 'ಸರಿ' ಅಂದವರ ಜೊತೆ ಸರ್ಕಾರವೂ ಅರ್ಧ ತಲೆ ಆಡಿಸಿದಂತಾಯಿತು. ಬಾಯಿಬಿಟ್ಟು ಹೇಳಲಿಲ್ಲ. ಮರ್ಯಾದಸ್ಥ ಸರ್ಕಾರ.

ಈಗ ಸಹಾಯವಾಣಿ ಇದೆ. ಟೆಲಿ ಮಾನಸ್, 14416. 2022ರ ಅಕ್ಟೋಬರಿನಲ್ಲಿ ಶುರುವಾಯಿತು. ಬಿಟ್ಟಿ, ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡುತ್ತಾರೆ. ಒಳ್ಳೆಯ ಕೆಲಸ, ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಅಗತ್ಯವಿದ್ದವರು ಇವತ್ತೇ ಕರೆ ಮಾಡಿ.

ಮಾಡಲು ಫೋನ್ ಬೇಕು. ಸ್ವಂತಕ್ಕೆ ಬಳಸುವ ಮೊಬೈಲ್ ಇರುವ ಹೆಂಗಸರು ದೇಶದಲ್ಲಿ ಶೇ 54 ಅಂತ ಅದೇ ಕುಟುಂಬ ಸಮೀಕ್ಷೆ ಹೇಳುತ್ತದೆ. ಎರಡು ಕೋಣೆಯ ಮನೆಯಲ್ಲಿ ಅತ್ತೆ ಹಾಲ್‌ನಲ್ಲಿ, ಗಂಡ ರೂಮಿನಲ್ಲಿ, ಮಕ್ಕಳು ಅಡುಗೆಮನೆಯಲ್ಲಿ. ಯಾವ ಮೂಲೆಯಲ್ಲಿ ನಿಂತು 'ನನಗೆ ಬದುಕುವುದು ಬೇಡವಾಗಿದೆ' ಅಂತ ಹೇಳಬೇಕು ಅಂತ ಪೋಸ್ಟರಿನಲ್ಲಿ ಬರೆದಿಲ್ಲ.

ಅಷ್ಟಕ್ಕೂ ಕರೆ ಅವಳೇ ಯಾಕೆ ಮಾಡಬೇಕು? ನಿದ್ದೆಗೆಟ್ಟವಳು ಅವಳು, ಮಾತ್ರೆ ನುಂಗುವವಳು ಅವಳು, ಕೌನ್ಸೆಲಿಂಗಿಗೆ ಹೋಗಿ ಕೂರುವವಳೂ ಅವಳೇ. 'ನೀವು ಸ್ವಲ್ಪ ಧ್ಯಾನ ಮಾಡಿ' ಅನ್ನಿಸಿಕೊಂಡು ಬಂದು ರಾತ್ರಿಯ ಅಡುಗೆಗೆ ನಿಲ್ಲುತ್ತಾಳೆ. ಅವಳ ಗಂಡನನ್ನು ಕರೆಸಿ ಅಂದರೆ ಅವರಿಗೆ ಆಫೀಸಿದೆ. ಅತ್ತೆಯನ್ನು ಕರೆತನ್ನಿ ಅಂದರೆ ಅವರಿಗೆ ಮಂಡಿನೋವು. ಮಾವನವರಿಗೆ ಇಂಥದರಲ್ಲಿ ನಂಬಿಕೆಯಿಲ್ಲ, ಜೊತೆಗೆ ಮುಂದಿನ ಭಾನುವಾರ ಅವರ ಭಾಷಣವಿದೆ. ವಿಷಯ: ಭಾರತೀಯ ಕುಟುಂಬ ಮೌಲ್ಯಗಳು. ನಂತರ ಊಟದ ವ್ಯವಸ್ಥೆ ಇದೆ.